ಅರೀಥಾ ಅವರ 1967ರ ಆಲ್ಬಂ: ಎಲ್‌ಪಿ ಇದ್ದೂ ಸಿಡಿಯನ್ನೇ ಕೇಳುತ್ತಿರುವುದೇಕೆ

ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ ‘ಐ ನೆವರ್ ಲವ್ಡ್ ಎ ಮ್ಯಾನ್ ದ ವೇ ಐ ಲವ್ ಯೂ’ ಆಲ್ಬಮನ್ನು ಆರು ತಿಂಗಳಲ್ಲಿ ಎರಡು ಸಲ ಕೊಂಡೆ. ಮೊದಲು ₹3,400 ಕೊಟ್ಟು ಹೊಸ ಎಲ್‌ಪಿ, ಅಂದರೆ ಮುಳ್ಳಿಟ್ಟು ನುಡಿಸುವ ದೊಡ್ಡ ತಟ್ಟೆ, ತಂದೆ. ಆಮೇಲೆ ಯಾರೋ ಬಳಸಿ ಮಾರಿದ್ದ ಸಿಡಿ ₹350ಕ್ಕೆ ಸಿಕ್ಕಿತು. ಈಗ ಮನೆಯಲ್ಲಿ ಕೇಳುವುದು ಸಿಡಿಯನ್ನೇ.

ಎಲ್‌ಪಿಯ ಮೊದಲ ಬದಿಯಲ್ಲಿ ‘ರೆಸ್ಪೆಕ್ಟ್’ ಮುಗಿಯುವವರೆಗೆ ಏನೂ ತಿಳಿಯಲಿಲ್ಲ. ಡ್ರಮ್ಮು, ಹಿತ್ತಾಳೆ ವಾದ್ಯಗಳು, ಹಿಂದಿನಿಂದ ಅಕ್ಕ ಎರ್ಮಾ ಮತ್ತು ತಂಗಿ ಕ್ಯಾರೊಲಿನ್ ಕೂಡಿಸುವ ದನಿ, ಇಷ್ಟೆಲ್ಲ ಒಟ್ಟಿಗೆ ನುಗ್ಗಿ ಬರುವಾಗ ಶ್ರುತಿಯ ಸಣ್ಣ ಅಲುಗಾಟ ಕಿವಿಗೆ ಬೀಳುವುದಿಲ್ಲ. ಎರಡನೆಯ ಬದಿಗೆ ತಿರುಗಿಸಿ, ‘ಡಾಕ್ಟರ್ ಫೀಲ್‌ಗುಡ್’ ಹಾಡಿನಲ್ಲಿ ಅರೀಥಾ ಅವರೇ ಪಿಯಾನೊ ನುಡಿಸುತ್ತ ನಿಧಾನವಾಗಿ ಹಾಡತೊಡಗಿದಾಗ, ಹಿಡಿದು ನಿಲ್ಲಿಸಿದ ಪ್ರತಿ ಸ್ವರವೂ ಮೆಲ್ಲನೆ ಏರಿ ಇಳಿಯುತ್ತಿರುವುದು ಗೊತ್ತಾಯಿತು. ಬಾಲ್ಯದಿಂದ ತಂಬೂರಿಯ ಶ್ರುತಿಗೆ ಪಳಗಿದ ಕಿವಿಗೆ ಅದು ಒಮ್ಮೆ ಗೊತ್ತಾದ ಮೇಲೆ ಮರೆಯಾಗಲಿಲ್ಲ.

ಬಗ್ಗಿ ನೋಡಿದರೆ, ತಟ್ಟೆ ಒಂದು ಸುತ್ತು ತಿರುಗುವಷ್ಟರಲ್ಲಿ ಮುಳ್ಳಿನ ತೋಳು ಒಮ್ಮೆ ಒಳಕ್ಕೂ ಒಮ್ಮೆ ಹೊರಕ್ಕೂ ಸುಮಾರು 2 ಮಿ.ಮೀ. ತೂಗುತ್ತಿತ್ತು. ನಡುವಿನ ತೂತು ನಡುವಿನಲ್ಲಿರಲಿಲ್ಲ; ಅದು 1 ಮಿ.ಮೀ.ನಷ್ಟು ಪಕ್ಕಕ್ಕೆ ಸರಿದಿತ್ತು. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 1.8 ಸೆಕೆಂಡ್ ಬೇಕು, ಸ್ವರ ತೇಲುತ್ತಿದ್ದ ಲಯವೂ ಅದೇ. ಅಂಚಿನಲ್ಲಿ, ಕೇಂದ್ರದಿಂದ 146 ಮಿ.ಮೀ. ದೂರದ ಗೆರೆಗಳಲ್ಲಿ, ಈ ದೋಷದಿಂದ ಶ್ರುತಿ ಶೇ. 0.7ರಷ್ಟು ಮೇಲೆ ಕೆಳಗೆ ಆಗುತ್ತದೆ. ಮುಳ್ಳು ಒಳಕ್ಕೆ ಸರಿದು ಕೇಂದ್ರದಿಂದ 75 ಮಿ.ಮೀ. ದೂರಕ್ಕೆ ಬರುವಾಗ ಅದೇ ದೋಷ ಶೇ. 1.3 ದಾಟುತ್ತದೆ. ಹೀಗಾಗಿ ಆಲ್ಬಮಿನ ಕೊನೆಯ ಹಾಡು, ಗಾಯಕ ಸ್ಯಾಮ್ ಕುಕ್ ಬರೆದ ‘ಎ ಚೇಂಜ್ ಈಸ್ ಗಾನ ಕಮ್’, ಎಲ್ಲಕ್ಕಿಂತ ಹೆಚ್ಚು ಕೆಟ್ಟಿತು. ಅರೀಥಾ ಒಂದೊಂದು ಸಾಲನ್ನೂ ಎಳೆದು ನಿಲ್ಲಿಸುವ ಆ ಹಾಡು ಅಷ್ಟು ಅಲುಗಾಟವನ್ನು ತಾಳುವುದಿಲ್ಲ.

ಅಂಗಡಿಯವರು ಗೀರಿಲ್ಲದ ತಟ್ಟೆಯಲ್ಲಿ ದೋಷವಿದೆಯೆಂದು ಒಪ್ಪಲಿಲ್ಲ. ಎರಡು ವಾರ ಓಡಾಡಿದ ಮೇಲೆ ಕೊಟ್ಟ ಬದಲಿ ಪ್ರತಿಯಲ್ಲೂ ಅದೇ ತೂಗಾಟವಿತ್ತು, ತುಸು ಕಡಿಮೆ ಅಷ್ಟೆ.

ಸಿಡಿಯಲ್ಲಿ ಸ್ವರ ನಿಂತ ಕಡೆ ನಿಲ್ಲುತ್ತದೆ. ಈ ಆಲ್ಬಮಿಗೆ ಅದು ಯಾಕೆ ಅಷ್ಟು ಮುಖ್ಯವೆಂದರೆ, ಇಲ್ಲಿ ಹಾಡನ್ನು ಹೊತ್ತು ನಡೆಯುವುದು ಪಿಯಾನೊ. 1967ರ ಜನವರಿಯಲ್ಲಿ ನಿರ್ಮಾಪಕ ಜೆರ್ರಿ ವೆಕ್ಸ್ಲರ್ ಅರೀಥಾ ಅವರನ್ನು ಅಲಬಾಮಾದ ಮಸಲ್ ಶೋಲ್ಸ್‌ಗೆ ಕರೆದೊಯ್ದು ಪಿಯಾನೊದ ಮುಂದೆ ಕೂರಿಸಿದರು. ಶೀರ್ಷಿಕೆಯ ಹಾಡು ಅಲ್ಲಿಯೇ ಸಿದ್ಧವಾಯಿತು, ಜಗಳದಿಂದ ಉಳಿದ ಕೆಲಸ ನಿಂತು ನ್ಯೂಯಾರ್ಕಿಗೆ ಹೋಯಿತು. ‘ಡೂ ರೈಟ್ ವುಮನ್’ ಹಾಡಿಗೆ ಅಲಬಾಮಾದಲ್ಲಿ ಬುನಾದಿ ಬಿದ್ದಿತ್ತು. ಅರೀಥಾ ಅವರ ಪಿಯಾನೊ ಮತ್ತು ಅಕ್ಕತಂಗಿಯರ ದನಿ ಸೇರಿದ್ದು ನ್ಯೂಯಾರ್ಕಿನಲ್ಲಿ. ಸಿಡಿಯಲ್ಲಿ ಆ ಪಿಯಾನೊ ಕದಲದೆ ಕೂತಿರುವುದನ್ನು ಕೇಳಿದ ರಾತ್ರಿ ಎಲ್‌ಪಿಯನ್ನು ಕವರಿಗೆ ಸೇರಿಸಿದೆ.

ಹೊದಿಕೆಯ ಚೆಲುವಿನಲ್ಲಿ ಎಲ್‌ಪಿಗೆ ಸಾಟಿಯಿಲ್ಲ. ಮೊಬೈಲಿನಲ್ಲಿಯೂ ಆಲ್ಬಮಿನ ಹನ್ನೊಂದೂ ಹಾಡು ಸಿಗುತ್ತವೆ, ಆದರೆ ನಡುವೆ ಕರೆ ಬಂದರೆ ಹಾಡು ತುಂಡಾಗುತ್ತದೆ.

ರಾತ್ರಿ ಊಟವಾದ ಮೇಲೆ ಮಧ್ಯೆ ಏಳದೆ, ಸುಮಾರು 33 ನಿಮಿಷದ ಈ ಆಲ್ಬಮನ್ನು ಒಂದೇ ಕೂರಿಕೆಯಲ್ಲಿ ಕೇಳುವುದು ನನ್ನ ರೂಢಿ. ತಿಂಗಳಿಗೆ ಸಂಗೀತಕ್ಕೆಂದು ತೆಗೆದಿಡುವುದು ₹1,000. ಈ ಎರಡಕ್ಕೂ ಸಿಡಿಯೇ ಹೊಂದುತ್ತದೆ. ಎಲ್‌ಪಿಯೇ ಬೇಕೆನ್ನುವವರು ಹಣ ಕೊಡುವ ಮೊದಲು ಅಂಗಡಿಯಲ್ಲೇ ಎರಡನೆಯ ಬದಿಯ ಕೊನೆಯ ಹಾಡಿನ ಮೇಲೆ ಮುಳ್ಳು ಇಡಿಸಿ, ತೋಳು ತೂಗುತ್ತದೆಯೇ ಎಂದು ಒಂದು ನಿಮಿಷ ನೋಡಿ.