ಕೊಪ್ಪಳದ ಖಾನಾವಳಿ: ರೊಟ್ಟಿಗೂ ಅಕ್ಕನಿಗೂ ಪೂರ್ತಿ 5 ಸ್ಟಾರ್

ಗವಿಮಠದ ದಾರಿಯಲ್ಲಿರುವ ಸಣ್ಣ ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಎರಡು ಗಂಟೆ ದಾಟಿದರೆ ಪಲ್ಯ ಖಾಲಿ, ಬೇಗ ಹೋಗಿ.

ನಾನು ದೇವರನ್ನು ನಂಬುವುದಿಲ್ಲ. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ, ಅದು ನಂಬದವರಿಗೂ ಸೇರಿದ್ದು ಅಲ್ವಾ? ಆದರೂ ಹಿಂದೆ ಬಾಡಿಗೆಗಿದ್ದ ಮನೆಯವರು ನಾನು ಪೂಜೆ ಮಾಡಲ್ಲ ಅಂತ ಗೊತ್ತಾದ ಮೇಲೆ ಮಾತೇ ಬಿಟ್ಟರು, ಆ ನೋವು ಇನ್ನೂ ಹೋಗಿಲ್ಲ.

ಇಲ್ಲಿ ಅಕ್ಕ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಡಿಸುತ್ತಾರೆ. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ ಸಮಯದಲ್ಲಿ ಪಕ್ಕ ಕೂತವರೊಬ್ಬರು, ದೇವರಿಲ್ಲ ಅನ್ನುವವನಿಗೆ ಜಾತ್ರೆಯ ಸಿಹಿ ಮಾದಲಿ ಯಾಕೆ ಅಂತ ಜೋರು ಮಾಡಿದರು. ‘ಉಣ್ಣೋರಿಗೆ ಅದನ್ನೆಲ್ಲ ಯಾಕ್ ಕೇಳ್ಬೇಕ್ರೀ? ತಮ್ಮಾ, ನೀನು ಉಣ್ಣು’ ಅಂದ ಅಕ್ಕ, ಮೇಲೆ ಬಿಸಿ ತುಪ್ಪ ಹಾಕಿದರು.