ಸ್ಟೋರೇಜ್ ಡಬ್ಬದಲ್ಲಿ ಮರಿ ಆಮೆಗೆ ಮನೆ: ಐದು ತಿಂಗಳು ಓಡಿಸಿದ ಮೇಲೆ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ನೋಡೋಕೆ ಚೆನ್ನಾಗಿಲ್ಲ. ಕಬ್ಬಿಣದ ಹಳೇ ರ‍್ಯಾಕು, ಕೆಳಗಿನ ಅಂತಸ್ತಲ್ಲಿ ಬಟ್ಟೆ ತುಂಬಿಡೋ ದೊಡ್ಡ ಪ್ಲಾಸ್ಟಿಕ್ ಡಬ್ಬ, ಸುತ್ತ ನಾಲ್ಕೂ ಕಡೆ ಮತ್ತೆ ಮೇಲೆ ದಪ್ಪ ಟ್ರಾನ್ಸ್‌ಪರೆಂಟ್ ಶೀಟು, ಒಳಗೆ ಚೈನಲ್ಲಿ ಜೋತಾಡೋ ಲೈಟುಗಳು. ಮನೆಗೆ ಬಂದವ್ರೆಲ್ಲ "ಇದೇನ್ರೀ ಐಸಿಯೂನಾ" ಅಂತ ಕೇಳೋರೇ. ಆದ್ರೆ ಬೆಳಿಗ್ಗೆ ಎದ್ದು ಮೀಟರ್ ನೋಡಿದ್ರೆ 82 ಪರ್ಸೆಂಟ್ ಹ್ಯುಮಿಡಿಟಿ, 28 ಡಿಗ್ರಿ, ರಾತ್ರಿಯೆಲ್ಲಾ ನಾನು ಏನೂ ಮಾಡಿರಲ್ಲ, ನನಗೆ ಅಷ್ಟು ಸಾಕು.

ಒಳಗಿರೋನು ಗುಂಡ, ಸಲ್ಕಾಟಾ ಅನ್ನೋ ಆಫ್ರಿಕಾದ ನೆಲದ ಆಮೆ ಜಾತಿಯ ಮರಿ. ಬಂದಾಗ 41 ಗ್ರಾಂ, ಈಗ 168. (ಯಾವ ಜಾತಿ ಸಾಕೋಕೆ ನಿಮ್ಮ ಕಡೆ ಕಾನೂನು ಬಿಡತ್ತೆ ಅಂತ ಮೊದ್ಲು ನೋಡ್ಕೊಳ್ಳಿ, ನಕ್ಷತ್ರ ಆಮೆ 2019ರಿಂದ ಸೈಟಿಸ್ ಅನ್ನೋ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಮೊದಲನೇ ಪಟ್ಟೀಲಿದೆ, ಅದ್ರ ತಂಟೆಗೆ ಹೋಗ್ಬೇಡಿ.)

ಅವನ ಜೊತೆಗೇ ಅಂಗಡಿಯವ್ರು ಒಂದು ಸೆಟ್ ತಗಲಾಕಿದ್ರು. ಗಾಜಿನ ಟ್ಯಾಂಕು, ಮೇಲೆ ಜಾಲರಿ ಮುಚ್ಚಳ, ಸುರುಳಿ ಥರದ ಯುವಿಬಿ ಬಲ್ಬು (ಬಿಸಿಲಲ್ಲಿರೋ ಅತಿನೇರಳೆ ಕಿರಣ ಕೊಡೋದು), ತೇವ ಅಳೆಯೋ ಮುಳ್ಳಿರೋ ಡಯಲ್ ಮೀಟರು. ಸಲ್ಕಾಟಾ ಅಂದ್ರೆ ಆಫ್ರಿಕಾದ ಒಣ ಸೀಮೆ ಪ್ರಾಣಿ ಸಾರ್, ಒಣಗಿರ್ಬೇಕು ಅಂದ್ರು, ನಾನೂ ನಂಬ್ದೆ. ಆದ್ರೆ ಮರಿಗಳು ಮೊಟ್ಟೆಯಿಂದ ಆಚೆ ಬರೋದು ಮಳೆಗಾಲದ ಹೊತ್ತಿಗೆ, ಬೇಸಿಗೇಲಿ ದೊಡ್ಡ ಆಮೆಗಳೂ ಬಿಲದ ತಂಪು ತೇವದಲ್ಲಿ ಅಡಗಿರ್ತವೆ ಅನ್ನೋದು ಯಾರೂ ಹೇಳಲ್ಲ. ಚಿಪ್ಪಿನ ಪ್ರತಿ ಹೋಳೂ ಗೋಪುರದ ಥರ ಉಬ್ಬೋ ಪಿರಮಿಡಿಂಗ್ ಇದ್ಯಲ್ಲ, ಅದು ಪ್ರೋಟೀನ್ ಜಾಸ್ತಿ ಆಗಿ ಬರತ್ತೆ ಅಂತ್ಲೇ ಜನ ತುಂಬಾ ದಿನ ಅಂದ್ಕೊಂಡಿದ್ರು. 2003ರಲ್ಲಿ ಸಲ್ಕಾಟಾ ಮರಿಗಳನ್ನೇ ಬೇರೆ ಬೇರೆ ತೇವಾಂಶದಲ್ಲಿ ಬೆಳೆಸಿ ನೋಡಿದ ಅಧ್ಯಯನ ಒಂದು ಬಂತು, ಒಣ ಗಾಳೀಲಿ ಬೆಳೆದವಕ್ಕೆ ಈ ಉಬ್ಬು ಜಾಸ್ತಿ, ಪ್ರೋಟೀನಿನ ಪಾತ್ರ ಸಣ್ಣದು ಅಂತ. ಒಂದ್ಸಲ ಉಬ್ಬಿದ ಚಿಪ್ಪು ಮತ್ತೆ ಸಪಾಟಾಗಲ್ಲ, ಹಾಗಾಗಿ ಮೊದಲ ವರ್ಷಾನೇ ಮುಖ್ಯ.

ಈಗ ಒಂದೊಂದಾಗಿ. ಆ ಗಾಜಿನ ಟ್ಯಾಂಕು ಪೂರ್ತಿ ವೇಸ್ಟು. ಜಾಲರಿ ಮುಚ್ಚಳದಿಂದ ಬಿಸಿ ತೇವ ಎಲ್ಲಾ ಮೇಲಕ್ಕೆ ಹೋಗ್ಬಿಡತ್ತೆ, ದಿನಕ್ಕೆ ಆರು ಸಲ ಸ್ಪ್ರೇ ಹೊಡೆದ್ರೂ ಅರ್ಧ ಗಂಟೇಲಿ ಮತ್ತೆ ಒಣ. ಸಾಲದ್ದಕ್ಕೆ ಗಾಜು ಅಂತ ಅವನಿಗೆ ಗೊತ್ತಾಗಲ್ಲ, ಮೂಲೇಲಿ ನಿಂತು ಇಡೀ ದಿನ ಕೆರೀತಿದ್ದ, ಆ ಕರ್ ಕರ್ ಶಬ್ದ ಈಗ್ಲೂ ಕಿವೀಲಿದೆ. ಡಬ್ಬಕ್ಕೆ ಬಂದ್ಮೇಲೆ ಒಳಗಿಂದ ಒಂದು ಗೇಣು ಎತ್ತರಕ್ಕೆ ಕಂದು ಕಾಗದ ಅಂಟಿಸ್ದೆ, ಅವತ್ತಿಂದ ಕೆರೆಯೋದು ನಿಂತ್ಹೋಯ್ತು. ಡಬ್ಬ ತಗೊಳ್ಳೋವಾಗ ಎತ್ತರಕ್ಕಿಂತ ಅಗಲ ನೋಡಿ, ಆಮೆ ನಡೆಯೋ ಪ್ರಾಣಿ, ಹತ್ತೋದಲ್ಲ.

ಮುಳ್ಳಿನ ಮೀಟರಿಗೆ ಮಾತ್ರ ಮೈನಸ್ ಮಾರ್ಕ್ಸ್. ಅದು ಯಾವಾಗ್ಲೂ 60 ತೋರಿಸ್ತಿತ್ತು, ನಾನು ಖುಷಿಯಾಗಿದ್ದೆ. ಆಮೇಲೆ ಇದಕ್ಕೂ ಒಂದು ಡಿಜಿಟಲ್ ಮೀಟರಿಗೂ ಉಪ್ಪಿನ ಟೆಸ್ಟ್ ಮಾಡ್ದೆ, ಬಾಟಲ್ ಮುಚ್ಚಳಕ್ಕೆ ಉಪ್ಪು ಹಾಕಿ ನಾಲ್ಕು ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತಂದು, ಮೀಟರ್ ಜೊತೆ ಜಿಪ್ ಕವರಲ್ಲಿಟ್ಟು ರಾತ್ರಿಯಿಡೀ ಬಿಟ್ರೆ ಒಳಗೆ 75 ಪರ್ಸೆಂಟ್ ಆಗ್ಬೇಕು. ಬೆಳಿಗ್ಗೆ ನೋಡಿದ್ರೆ ಡಿಜಿಟಲ್ ಮೀಟರ್ 73, ಮುಳ್ಳು ಮಹಾಶಯ 60ರಲ್ಲೇ! ಮಾರನೇ ದಿನ ಡಿಜಿಟಲ್ಲನ್ನ ಟ್ಯಾಂಕಲ್ಲಿಟ್ಟೆ, 34 ಅಂತು. ಆ ಮಗು ಒಂದು ತಿಂಗಳು ಅದ್ರಲ್ಲಿ ಕಳೆದಿತ್ತು, ಬೆನ್ನಿನ ಮೇಲೆ ಆಗ ಎದ್ದ ಎರಡು ಸಣ್ಣ ಉಬ್ಬು ಹಾಗೇ ಇವೆ.

ನೆಲಕ್ಕೆ ತೆಂಗಿನ ನಾರಿನ ಪುಡಿ, ಇಟ್ಟಿಗೆ ಥರ ಒತ್ತಿರೋದು ಸಿಗತ್ತಲ್ಲ, ಬಿಸಿನೀರಿಗೆ ಹಾಕಿದ್ರೆ ಉಬ್ಬಿ ಬಕೆಟ್ ತುಂಬತ್ತೆ. ನೀರು ಹಿಡಿಯೋ ವಿಷ್ಯದಲ್ಲಿ ಇದಕ್ಕೆ ಸಾಟಿಯಿಲ್ಲ, ಆದ್ರೆ ಮೇಲ್ಪದರ ಒಣಗಿದ್ರೆ ಧೂಳು, ಒದ್ದೆಯಾದ್ರೆ ಗುಂಡನ ಮುಖಕ್ಕೆಲ್ಲಾ ಮೀಸೆ ಗಡ್ಡ. ಹಾಗಾಗಿ ಕೆಳಗೆ ನಾಲ್ಕು ಬೆರಳಷ್ಟು ನಾರಿನ ಪುಡಿ ಒತ್ತಿ, ಮೇಲೆ ಆರ್ಕಿಡ್ ಗಿಡಕ್ಕೆ ಹಾಕೋ ಸಣ್ಣ ಸೈಜಿನ ತೊಗಟೆ ಚೂರು ಹಾಕಿದೀನಿ. ಸ್ಪ್ರೇ ಬಾಟಲ್ ಎಸೀರಿ, ಬೆಚ್ಚಗಿನ ನೀರನ್ನ ಮೂಲೆಗಳಲ್ಲಿ ಹುಯ್ಯಿರಿ, ಅದು ತಳಕ್ಕೆ ಹೋಗಿ ನಿಧಾನಕ್ಕೆ ಆವಿ ಆಗತ್ತೆ, ಮೇಲ್ಭಾಗ ಒಣಗೇ ಇರತ್ತೆ, ಯಾವಾಗ್ಲೂ ಕೆಸರಲ್ಲಿ ಕೂತ್ರೆ ಹೊಟ್ಟೆ ಕಡೆ ಚಿಪ್ಪು ಕೊಳೆಯತ್ತೆ. ಮರಳು, ದೇವದಾರು ಥರದ ವಾಸನೆ ಮರದ ಹೊಟ್ಟು ಎರಡೂ ಬೇಡ. ಊಟ ಮಾತ್ರ ಒಂದು ಒರಟು ಹಾಸುಗಲ್ಲಿನ ಮೇಲೆ, ಸೊಪ್ಪಿನ ಜೊತೆ ನಾರು ಹೊಟ್ಟೆಗೆ ಹೋಗಲ್ಲ, ಕೊಕ್ಕೂ ತೇಯತ್ತೆ. ಮೂರನೇ ವಾರ ಒಂದು ಕಡೆ ಬೂಷ್ಟು ಬಂತು, ತೆಗೆದ್ಹಾಕಿ ಸ್ಪ್ರಿಂಗ್‌ಟೇಲ್ ಅನ್ನೋ ಪುಟಾಣಿ ಹುಳ ಬಿಟ್ಟೆ, ಅವು ಬೂಷ್ಟನ್ನೇ ತಿಂದು ಬದುಕ್ತವೆ, ಆಮೇಲೆ ಬಂದಿಲ್ಲ.

ದುಡ್ಡು ಉಳಿಸೋದು ಡಬ್ಬದಲ್ಲಿ, ಶೀಟಲ್ಲಿ. ಉಳಿಸ್ಬಾರದ್ದು ಟ್ಯೂಬ್‌ಲೈಟಲ್ಲಿ, ಬಿಸಿ ನೋಡ್ಕೊಂಡು ಹೀಟರ್ ಆನ್ ಆಫ್ ಮಾಡೋ ಥರ್ಮೋಸ್ಟಾಟಲ್ಲಿ, ಇದು ನನಗೆ ಪೆಟ್ಟು ತಿಂದೇ ಗೊತ್ತಾಗಿದ್ದು. ಸೆಟ್ಟಲ್ಲಿ ಬಂದ ಸುರುಳಿ ಬಲ್ಬು ಹಾಕಿದ ನಾಲ್ಕನೇ ದಿನಕ್ಕೆ ಗುಂಡ ಕಣ್ಣು ಮುಚ್ಕೊಂಡೇ ಓಡಾಡೋಕೆ ಶುರು ಮಾಡ್ದ, ತೆಗೆದ ಮೇಲೆ ಸರಿಹೋಯ್ತು. ಈಗ ಉದ್ದದ ಟಿ5 ಯುವಿಬಿ ಟ್ಯೂಬು, ದಿನಕ್ಕೆ 12 ಗಂಟೆ. ಅದು ಶೀಟಿನ ಒಳಗಡೆನೇ ಇರ್ಬೇಕು, ಗಾಜು ಪ್ಲಾಸ್ಟಿಕ್ಕು ಯುವಿಬಿನ ತಡೆದ್ಬಿಡ್ತವೆ, ಕಿಟಕಿ ಗಾಜಿನ ಹಿಂದೆ ಬಿಸಿಲಲ್ಲಿಟ್ಟೆ ಅನ್ನೋರಿಗೂ ಇದೇ ಮಾತು. ಹಾಗೇ ಬೆಳಕು ಚೆನ್ನಾಗೇ ಕಾಣ್ತಿದ್ರೂ ಯುವಿಬಿ ಕಮ್ಮಿ ಆಗ್ತಾ ಬರತ್ತೆ, ಹಾಕಿದ ತಾರೀಕನ್ನ ಟ್ಯೂಬಿನ ತುದೀಲಿ ಮಾರ್ಕರಲ್ಲಿ ಬರ್ಕೊಂಡಿದೀನಿ.

ಬಿಸಿಲು ಕಾಯೋ ಜಾಗಕ್ಕೆ ಬೆಳಕು ಅಗಲಕ್ಕೆ ಹರಡೋ ಫ್ಲಡ್ ಬಲ್ಬು, ಕೆಳಗೆ 36 ಡಿಗ್ರಿ ಆಸುಪಾಸು. ಸ್ಪಾಟ್ ಬಲ್ಬ್ ಬೇಡ, ಬೆನ್ನಿನ ತುದಿ ಒಂದನ್ನೇ ಸುಟ್ಟು ಒಣಗಿಸತ್ತೆ. ಮುಚ್ಚಿದ ಜಾಗ ಆದ್ದರಿಂದ 40 ವ್ಯಾಟೇ ಧಾರಾಳ, ಟ್ಯಾಂಕಲ್ಲಿ 100 ಉರಿಸ್ತಿದ್ದೆ. ರಾತ್ರಿಗೆ ಬೆಳಕಿಲ್ಲದ ಸೆರಾಮಿಕ್ ಹೀಟರು ಥರ್ಮೋಸ್ಟಾಟಿಗೆ ಹಾಕಿ 27ಕ್ಕೆ ಸೆಟ್ ಮಾಡಿದೀನಿ, ಯಾಕಂದ್ರೆ ತೇವದ ಜೊತೆ ಚಳಿ ಸೇರಿದ್ರೆ ನ್ಯುಮೋನಿಯಾಗೆ ದಾರಿ, ಮೂಗಲ್ಲಿ ಗುಳ್ಳೆ ಕಂಡ್ರೆ ಡಾಕ್ಟರ ಹತ್ರ ಓಡಿ. ಹೋಲ್ಡರ್ ಪಿಂಗಾಣಿದೇ ಇರ್ಲಿ, ಅದ್ರ ಶಾಖಕ್ಕೆ ಪ್ಲಾಸ್ಟಿಕ್ ಹೋಲ್ಡರ್ ಕರಗತ್ತೆ. ಶೀಟಿಂದ ಒಂದು ಗೇಣಾದ್ರೂ ದೂರ ಇಡಿ, ನಾನು ಮೊದಲ ದಿನ ಹತ್ರ ಇಟ್ಟು ಒಂದು ಮೂಲೆ ಹಪ್ಪಳದ ಥರ ಸುರುಟಿ, ವಾಸನೆ ಬಂದಾಗ್ಲೇ ಗೊತ್ತಾಗಿದ್ದು.

ಇನ್ನೊಂದು ಎಡವಟ್ಟು ಗುಂಡಂದೇ. ಥರ್ಮೋಸ್ಟಾಟಿನ ಬಿಸಿ ಅಳೆಯೋ ಪ್ರೋಬ್ ವೈರನ್ನ ನೆಲದ ಮೇಲೆ ಬಿಟ್ಟಿದ್ದೆ, ರಾತ್ರಿ ಅವನು ಅದನ್ನ ತಳ್ಕೊಂಡು ಹೋಗಿ ನೀರಿನ ತಟ್ಟೆಗೆ ಹಾಕಿದ್ದಾನೆ, ನೀರು ತಣ್ಣಗಿದೆ ಅಂತ ಹೀಟರ್ ಆಫೇ ಆಗಿಲ್ಲ. ಬೆಳಿಗ್ಗೆ ಒಳಗೆ 35 ಡಿಗ್ರಿ, ಇವನು ದೂರದ ಮೂಲೇಲಿ ತಲೆವರೆಗೂ ಮಣ್ಣಲ್ಲಿ ಹೂತ್ಕೊಂಡಿದ್ದ! ಈಗ ಪ್ರೋಬು ಅವನ ಚಿಪ್ಪಿನ ಎತ್ತರಕ್ಕೆ ಗೋಡೆಗೆ ಕ್ಲಿಪ್ ಆಗಿದೆ. ನೀರಿನ ತಟ್ಟೆ ಅಂದ್ರೆ ಕುಂಡದ ಕೆಳಗಿಡೋ ಮಣ್ಣಿನ ತಟ್ಟೆ, ಅಂಚು ನೆಲದ ಮಟ್ಟಕ್ಕೆ ಬರೋ ಹಾಗೆ ಹೂಳಿ, ಆಳ ಇರ್ಬಾರ್ದು, ಒರಟಿರೋದ್ರಿಂದ ಕಾಲು ಜಾರಲ್ಲ. ಇದ್ರ ಮೇಲೆ ದಿನಕ್ಕೆ ಅರ್ಧ ಗಂಟೆ ಬೇರೆ ಟಬ್ಬಲ್ಲಿ ಬೆಚ್ಚಗಿನ ನೀರಿನ ಸ್ನಾನ ಇದ್ದೇ ಇದೆ.

ಕಂಪ್ಲೇಂಟ್ ಏನಪ್ಪಾ ಅಂದ್ರೆ ಬೆಳಿಗ್ಗೆ ಶೀಟೆಲ್ಲಾ ಮಂಜು ಹಿಡಿದು ಒಳಗೆ ಏನೂ ಕಾಣಲ್ಲ, ಮುಂದಿನ ವೆಲ್ಕ್ರೋ ತಿಂಗಳಿಗೊಮ್ಮೆ ಕಿತ್ತು ಬರತ್ತೆ, ರ‍್ಯಾಕಿನ ಕಾಲು ತುಕ್ಕು ಹಿಡೀತಿದೆ. ಮತ್ತೆ ಇದು ಶಾಶ್ವತ ಅಲ್ಲ, ದೊಡ್ಡ ಸಲ್ಕಾಟಾ 40 ಕೆಜಿ ದಾಟತ್ತೆ, ಈ ಡಬ್ಬ ಇನ್ನೊಂದು ಆರೇಳು ತಿಂಗಳು ಬಂದ್ರೆ ಹೆಚ್ಚು. ಆದ್ರೆ ಮೊನ್ನೆ ಸ್ನಾನ ಮಾಡ್ಸೋವಾಗ ಬೆರಳಲ್ಲಿ ಸವರಿ ನೋಡ್ದೆ, ಆ ಹಳೇ ಎರಡು ಉಬ್ಬಿನ ಸುತ್ತ ಹೊಸದಾಗಿ ಬೆಳೆದ ಬಿಳೀ ಗೆರೆಗಳು ಎಲ್ಲೂ ಏರಿಲ್ಲ, ಸಪಾಟಾಗಿವೆ. ಗಾಜಿನ ಟ್ಯಾಂಕಲ್ಲಿ ಈಗ ನಾರಿನ ಇಟ್ಟಿಗೆ ಸ್ಟಾಕ್ ಇಟ್ಕೊಂಡಿದೀನಿ, ಒಣಗಿಡೋಕೆ ಅದು ಸಕ್ಕತ್.