ಒಂದೇ ಹಾಲ್, ನಾಲ್ಕು ಸೆಟ್: ಲೋಕಲ್ 5.1, ಸೌಂಡ್‌ಬಾರ್, ಮಿನಿ ಆಂಪ್, ರಿಸೀವರ್

12×14 ಅಡಿ ಹಾಲ್, 43 ಇಂಚಿನ ಟಿವಿ, ಅಲ್ಲಿಂದ ಸೋಫಾಗೆ 9 ಅಡಿ. ನಾಲ್ಕು ಬಗೆಯ ಸೆಟ್‌ಗಳನ್ನೂ ಇದೇ ಜಾಗದಲ್ಲಿಟ್ಟು, ಅವೇ ದೃಶ್ಯಗಳನ್ನು ಹಾಕಿ ಕೇಳಿದ್ದು. ಗಮನಿಸಿದ್ದು ಮುಖ್ಯವಾಗಿ ಒಂದನ್ನೇ: ಹಿನ್ನೆಲೆ ಸಂಗೀತ ಏರಿದಾಗಲೂ ಮಾತು ತಿಳಿಯುತ್ತದೆಯೇ, ಇಲ್ಲ ರಿಮೋಟ್ ಹಿಡಿದುಕೊಂಡೇ ಸಿನಿಮಾ ನೋಡಬೇಕೇ?

ಮೊದಲು ಲೋಕಲ್ 5.1, ಅಂದರೆ ಐದು ಸ್ಪೀಕರ್, ಬಾಸಿಗೊಂದು ವೂಫರ್ ಇರುವ ಸೆಟ್. ಡಬ್ಬದ ಮೇಲೆ 5000 ವ್ಯಾಟ್ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂಬ ಜಾಹೀರಾತಿನ ಲೆಕ್ಕ) ಎಂದು ದೊಡ್ಡದಾಗಿ ಬರೆದಿರುತ್ತದೆ. ಮುಚ್ಚಳ ಬಿಚ್ಚಿದರೆ ಒಳಗೆ 12-0-12 ವೋಲ್ಟಿನ 3 ಆಂಪಿಯರ್ ಟ್ರಾನ್ಸ್‌ಫಾರ್ಮರ್, ಅಂದರೆ ಒಟ್ಟು 72 ವಿಎ (ವೋಲ್ಟ್-ಆಂಪಿಯರ್, ಹೆಚ್ಚೆಂದರೆ ಅಷ್ಟೇ ವ್ಯಾಟ್). ಕೊಡದಲ್ಲಿ ಇಲ್ಲದ್ದು ಲೋಟಕ್ಕೆ ಎಲ್ಲಿಂದ ಬರಬೇಕು? ಚಾನಲ್‌ಗೊಂದು, ಅಂದರೆ ಒಂದೊಂದು ಸ್ಪೀಕರಿನ ದನಿಗೆ ಒಂದು, ಟಿಡಿಎ2030 ಐಸಿ. 4 ಓಮ್ ಸ್ಪೀಕರಿಗೆ 14 ವ್ಯಾಟ್ ಕೊಡುವ ಚಿಪ್ ಅದು. ಎಲ್ಲ ಚಾನಲ್‌ಗಳೂ ಒಟ್ಟಿಗೆ ಜೋರು ಕೇಳಿದ ಕ್ಷಣ ಟ್ರಾನ್ಸ್‌ಫಾರ್ಮರ್ ಬಗ್ಗುತ್ತದೆ, ಬಾಸ್ ಬಂದಾಗಲೆಲ್ಲ ಮಾತು ಒಡೆಯುತ್ತದೆ. ಇಂಥವುಗಳಲ್ಲಿ ಸಾಮಾನ್ಯವಾಗಿ ಸಿನಿಮಾದ ಚಾನಲ್‌ಗಳನ್ನು ಬಿಡಿಸುವ ಡಾಲ್ಬಿ ಡೀಕೋಡರೂ ಇರುವುದಿಲ್ಲ. ಎಡ-ಬಲದ ದನಿ ಕೂಡಿಸಿ ಸೆಂಟರ್ (ನಡುವಿನ ಸ್ಪೀಕರ್), ಒಂದರಿಂದ ಇನ್ನೊಂದನ್ನು ಕಳೆದು ಸರೌಂಡ್ (ಹಿಂದಿನವು), ಅಷ್ಟೇ. ಹಾಡಿಗೆ ಮಜಾ, ಸಿನಿಮಾಗೆ ಸಾಲದು. ಒಂದು ಗುಣ ಮಾತ್ರ ಒಪ್ಪಬೇಕು: ಐಸಿ ಸುಟ್ಟರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹತ್ತಾರು ರೂಪಾಯಿಗೆ ಸಿಗುತ್ತದೆ, ಯಾವ ರಿಪೇರಿಯವರೂ ಹಾಕಿಕೊಡುತ್ತಾರೆ.

ಸೌಂಡ್‌ಬಾರ್ ಸೆಟ್ ಬೇರೆಯೇ ಜಾತಿ. ಸೋನಿ ಎಚ್‌ಟಿ-ಎಸ್20ಆರ್ ಈ ಗುಂಪಿನ ಪರಿಚಿತ ಮಾದರಿ: ಒಂದು ಬಾರ್, ವೂಫರ್, ಹಿಂದಿಡಲು ವೈರ್ ಇರುವ ಎರಡು ಸ್ಪೀಕರ್. ಸೆಂಟರ್ ಚಾನಲ್ ಪ್ರತ್ಯೇಕ ಇರುವುದರಿಂದ ಮಾತು ಟಿವಿಯ ಬುಡದಿಂದಲೇ ಬರುತ್ತದೆ. ಟಿವಿಯ ದನಿಯನ್ನು ಹೊರಕಳಿಸುವ ಎಚ್‌ಡಿಎಂಐ ಎಆರ್‌ಸಿ ಕಿಂಡಿಗೆ ಕೇಬಲ್ ಒಂದು ಸಿಕ್ಕಿಸಿದರೆ ಟಿವಿ ರಿಮೋಟಿನಲ್ಲೇ ವಾಲ್ಯೂಮ್. ಮನೆಯ ಹಿರಿಯರಿಗೆ ಇದಕ್ಕಿಂತ ಸುಲಭದ್ದು ಬೇರೆ ಇಲ್ಲ. ಎಡವುವುದು ಸೆಟ್ಟಿಂಗಿನಲ್ಲಿ. ಟಿವಿಯ ಆಡಿಯೊ ಔಟ್‌ಪುಟ್ 'ಪಿಸಿಎಂ'ನಲ್ಲಿದ್ದರೆ (ದನಿಯನ್ನು ಟಿವಿಯೇ ಬಿಡಿಸಿ ಕಳಿಸುವುದು) ಬರುವುದು ಬರೀ ಎರಡು ಚಾನಲ್, ಹಿಂದಿನವು ಸುಮ್ಮನಿರುತ್ತವೆ. 'ಆಟೋ' ಅಥವಾ 'ಬಿಟ್‌ಸ್ಟ್ರೀಮ್' (ಬಿಡಿಸದೆ ಹಾಗೇ ಕಳಿಸುವುದು) ಮಾಡಿ. ಇಂಥ ಸೆಟ್‌ಗಳ ಮಿತಿ ಎಂದರೆ ಬಾರಿನೊಳಗಿನ ಪುಟ್ಟ ಸ್ಪೀಕರ್‌ಗಳು. ಗಂಡುದನಿಯ ಕೆಳಭಾಗವನ್ನೂ ವೂಫರೇ ಹೊರುವುದರಿಂದ, ಅದನ್ನು ಮೂಲೆಗೆ ತಳ್ಳಿದರೆ ದನಿ ಮೂಲೆಯಿಂದ ಬಂದಂತಿರುತ್ತದೆ. ಟಿವಿ ಸ್ಟ್ಯಾಂಡಿನ ಪಕ್ಕದಲ್ಲೇ ಇಡಿ. ಒಳಗಿನ ಆಂಪ್ (ದನಿಗೆ ಶಕ್ತಿ ಕೊಡುವ ಭಾಗ) ಕೆಟ್ಟರೆ ಸ್ಪೀಕರ್‌ಗಳನ್ನು ಬೇರೆಡೆ ಬಳಸಲೂ ಕಷ್ಟ.

ನಮ್ಮ ಮತ ಬೀಳುವುದು ಮೂರನೆಯದಕ್ಕೆ: ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್, ಟಿಪಿಎ3116 ಚಿಪ್ಪಿನ ಮಿನಿ ಆಂಪ್. ಅಂಗೈಯಗಲದ ಈ ಬೋರ್ಡಿಗೆ ಹೀಟ್‌ಸಿಂಕೂ ಚಿಕ್ಕದೇ ಸಾಕು, ಕ್ಲಾಸ್-ಡಿ (ವೇಗವಾಗಿ ಆನ್-ಆಫ್ ಆಗುತ್ತ ಕೆಲಸ ಮಾಡುವ ಬಗೆ) ಆದ್ದರಿಂದ ಬಿಸಿ ಕಡಿಮೆ. ಪೆಟ್ಟಿಗೆಯ ಮೇಲೆ '50+50' ಎಂದಿದ್ದರೆ ಅದು 4 ಓಮ್ ಸ್ಪೀಕರಿಗೆ, 21 ವೋಲ್ಟಿನಲ್ಲಿ, ಶೇ. 10ರಷ್ಟು ದನಿ ಕೆಟ್ಟಾಗಿನ ಲೆಕ್ಕ. ನಿಜವಾಗಿ ಎಷ್ಟು ಬರುತ್ತದೆಂಬುದನ್ನು ಅಡಾಪ್ಟರ್ ತೀರ್ಮಾನಿಸುತ್ತದೆ. 8 ಓಮ್ ಸ್ಪೀಕರಿಗೆ 12 ವೋಲ್ಟಿನಲ್ಲಿ ಗರಿಷ್ಠ 9 ವ್ಯಾಟ್, 19ರಲ್ಲಿ 22, 24ರಲ್ಲಿ 36. ಇದೂ ಕಾಗದದ ಲೆಕ್ಕ, ಕೈಗೆ ಸಿಗುವುದು ಇನ್ನಷ್ಟು ಕಡಿಮೆ. 12 ವೋಲ್ಟಿನ ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್ ಸಿಕ್ಕಿಸಿ 'ಆಂಪ್ ದಂಡ' ಎನ್ನುವವರು ಬಹಳ. ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್, 65 ವ್ಯಾಟ್ ಚಾರ್ಜರ್ ಸಿಕ್ಕರೆ ಅದೇ ಸಾಕು. 24 ವೋಲ್ಟ್ ಕೊಡುವ ಮುನ್ನ ಬೋರ್ಡಿನ ದೊಡ್ಡ ಕೆಪಾಸಿಟರ್ ಓದಿ: 25 ವೋಲ್ಟಿನದಾದರೆ ಬೇಡ, 35ರದ್ದಾದರೆ ಸರಿ. ಚಿಪ್ಪಿನ ಮಿತಿ 26 ವೋಲ್ಟ್. ಅಡಾಪ್ಟರ್ ಬದಲು ತೂತುತೂತಿನ ಲೋಹದ ಪೆಟ್ಟಿಗೆಯ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಡಿಸಿ ಮಾಡುವ ಸಪ್ಲೈ) ಬಳಸಿದರೆ, ಅದರಲ್ಲಿ ವೋಲ್ಟೇಜ್ ತಿರುಗಿಸುವ ಸ್ಕ್ರೂ ಇರುತ್ತದೆ. ಮೀಟರಿನಲ್ಲಿ ನೋಡಿಯೇ ಜೋಡಿಸಿ.

20 ವ್ಯಾಟ್ ಸಾಲುತ್ತದೆಯೇ? ಸ್ಪೀಕರಿನ ಸೆನ್ಸಿಟಿವಿಟಿ (1 ವ್ಯಾಟಿಗೆ 1 ಮೀಟರ್ ದೂರದಲ್ಲಿ ಕೇಳುವ ಜೋರು) 86 ಡೆಸಿಬೆಲ್ ಇದ್ದರೆ 9 ಅಡಿಯಲ್ಲಿ, ಎರಡೂ ಸೇರಿ, ತಲಾ 1 ವ್ಯಾಟಿಗೇ ಸುಮಾರು 80 ಡೆಸಿಬೆಲ್. ಮಾಮೂಲಿ ಮಾತುಕತೆ 60ರ ಹತ್ತಿರ. ಹಾಗಾಗಿ ಉಳಿದ ವ್ಯಾಟೆಲ್ಲ ಸ್ಫೋಟದ ದೃಶ್ಯಗಳಿಗೆ. ಕೊಳ್ಳುವಾಗ ವ್ಯಾಟ್ ಬಿಟ್ಟು ಈ ಸೆನ್ಸಿಟಿವಿಟಿ ಸಂಖ್ಯೆ ನೋಡಿ. 3 ಡೆಸಿಬೆಲ್ ಹೆಚ್ಚಿದ್ದರೆ ಆಂಪಿನ ಶಕ್ತಿ ಇಮ್ಮಡಿ ಮಾಡಿದಂತೆ.

ಕೆಡುವುದು ಹೀಗೆ. ಈ ಚಿಪ್ಪಿನ ಮೈನಸ್ ಟರ್ಮಿನಲ್ ಗ್ರೌಂಡ್ ಅಲ್ಲ. ಹಳೆಯ ಅಭ್ಯಾಸದಂತೆ ಎರಡೂ ಸ್ಪೀಕರಿನ ಮೈನಸ್ ಸೇರಿಸಿ ಮೂರೇ ತಂತಿ ಎಳೆದರೆ ಚಿಪ್ ಪ್ರೊಟೆಕ್ಷನ್‌ಗೆ ಹೋಗುತ್ತದೆ, ಇಲ್ಲವೇ ಸುಡುತ್ತದೆ. ಒಂದು ಸ್ಪೀಕರಿನ ಪ್ಲಸ್-ಮೈನಸ್ ತಿರುಗಾಮುರುಗಾ ಆದರೆ ಬಾಸ್ ಮಾಯ. ಅನುಮಾನವಿದ್ದರೆ ಆಂಪಿನಿಂದ ತಂತಿ ಬಿಚ್ಚಿ 1.5 ವೋಲ್ಟ್ ಸೆಲ್ ಕ್ಷಣಮಾತ್ರ ತಾಗಿಸಿ. ವೂಫರಿನ ಕೋನ್ ಮುಂದಕ್ಕೆ ಜಿಗಿದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ತಂತಿ 1.5 ಚದರ ಮಿ.ಮೀ. ತಾಮ್ರದ್ದಿರಲಿ. 5 ಮೀಟರ್ ದೂರಕ್ಕೆ ಹೋಗಿಬರುವ ತಡೆ 0.12 ಓಮ್ ಮಾತ್ರ. ಬೆಲ್ ವೈರಿನಂಥ 0.5ರದ್ದಾದರೆ ಅದರ ಮೂರು ಪಟ್ಟು. ಟಿವಿಯ ಹೆಡ್‌ಫೋನ್ ಔಟ್‌ನಿಂದ ಆಂಪಿಗೆ ತಂದರೆ ವಾಲ್ಯೂಮ್ ಟಿವಿ ರಿಮೋಟಿನಲ್ಲೇ ಸಿಗುತ್ತದೆ. ಆ ಪಿನ್ನೇ ಇಲ್ಲದಿದ್ದರೆ ಆಪ್ಟಿಕಲ್‌ನಿಂದ (ಬೆಳಕಿನ ಕೇಬಲ್) ಆರ್‌ಸಿಎಗೆ (ಕೆಂಪು-ಬಿಳಿ ಪಿನ್) ಬದಲಿಸುವ ಡಬ್ಬಿ ಬೇಕು, ಆಗ ಮಾತ್ರ ಟಿವಿಯನ್ನು 'ಪಿಸಿಎಂ'ಗೇ ಇಡಬೇಕು.

ಎವಿ ರಿಸೀವರ್ (ಡೀಕೋಡರ್, ಎಲ್ಲ ಚಾನಲ್‌ಗಳ ಆಂಪ್ ಒಂದೇ ಪೆಟ್ಟಿಗೆಯಲ್ಲಿರುವುದು) ದುಡ್ಡಿದ್ದವರ ದಾರಿ ಎನ್ನುವಂತಿಲ್ಲ, ಎರಡನೇ ಹೆಜ್ಜೆ ಎನ್ನಬಹುದು. ಮೇಲಿನ ಸ್ಪೀಕರ್ ಜೊತೆಯನ್ನೇ ಇದಕ್ಕೂ ಹಾಕಿ, ಸೆಂಟರ್, ಸಬ್‌ವೂಫರ್, ಹಿಂದಿನವು ಒಂದೊಂದಾಗಿ ಸೇರುತ್ತವೆ. ಯಮಹಾ ಆರ್‌ಎಕ್ಸ್-ವಿ385ರ 70 ವ್ಯಾಟ್ ಎಂಬುದು ಎರಡು ಚಾನಲ್ ನಡೆದಾಗಿನ, 6 ಓಮ್ ಲೆಕ್ಕ. ಐದೂ ನಡೆದಾಗ ಅಷ್ಟು ನಿರೀಕ್ಷಿಸಬೇಡಿ. ಮೈಕ್ ಇಟ್ಟು ಆಟೋ ಸೆಟ್ಟಿಂಗ್ ಮಾಡಿದ ಮೇಲೂ ಮೆನು ತೆರೆದು ನೋಡಿ: ಸಬ್‌ವೂಫರ್ ಇದ್ದೂ ಪುಟ್ಟ ಸ್ಪೀಕರುಗಳನ್ನು 'ಲಾರ್ಜ್' (ಬಾಸನ್ನೂ ತಾವೇ ನುಡಿಸುವಂಥವು) ಎಂದುಕೊಂಡಿದ್ದರೆ 'ಸ್ಮಾಲ್' ಮಾಡಿ, ಕ್ರಾಸ್‌ಓವರ್ (ಇದರ ಕೆಳಗಿನ ದನಿ ಸಬ್‌ವೂಫರಿಗೆ ಹೋಗುವ ಗಡಿ) 80 ಹರ್ಟ್ಸ್ ಇಡಿ. ಮುಚ್ಚಿದ ಟಿವಿ ಯುನಿಟ್ಟಿನೊಳಗೆ ಇಟ್ಟರೆ ಬಿಸಿಯೇರಿ ಸಿನಿಮಾ ನಡುವೆ ಆಫ್ ಆಗಬಹುದು.

ಕರೆಂಟ್ ಹೋದಾಗಲೂ ನೋಡುವ ಮನೆಯಾದರೆ ಇನ್ನೊಂದು ವಿಷಯ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಲೋಕಲ್ 5.1, ರಿಸೀವರ್ ಎರಡೂ ಗುಂಯ್‌ಗುಡುತ್ತವೆ. ಲ್ಯಾಪ್‌ಟಾಪ್ ಚಾರ್ಜರಿನಲ್ಲಿ ಓಡುವ ಮಿನಿ ಆಂಪಿಗೆ ಆ ತೊಂದರೆ ಕಾಣಲಿಲ್ಲ.